ಎಡಿಎಚ್‌ಡಿ ಇರುವ ಮಗಳೊಂದಿಗೆ ಎಂಟು ವಾರಗಳ ಮೈಂಡ್‌ಫುಲ್‌ನೆಸ್ ತರಬೇತಿ: ಒಬ್ಬ ತಂದೆಯ ಅನುಭವ

ಕಳೆದ ವಾರ ನಮ್ಮ ಕೊನೆಯ ತರಗತಿ ಮುಗಿಯಿತು. ಎಂಟು ವಾರಗಳ ಮೈಂಡ್‌ಫುಲ್‌ನೆಸ್ (ಈ ಗಳಿಗೆಯಲ್ಲಿ ನಡೆಯುತ್ತಿರುವುದನ್ನು ಗಮನವಿಟ್ಟು ನೋಡುವ ಅಭ್ಯಾಸ) ತರಬೇತಿ, ಅದು ಮುಗಿದ ಎಂಟು ವಾರಗಳ ಬಳಿಕ ಒಂದು ಮರುಭೇಟಿ, ಅದಕ್ಕೂ ಹಿಂದೆ ರೋಗನಿರ್ಣಯಕ್ಕಾಗಿ ಮತ್ತು ತಂಡದಲ್ಲಿ ಜಾಗಕ್ಕಾಗಿ ಕಾದ ತಿಂಗಳುಗಳು, ಎಲ್ಲವನ್ನೂ ಕೂಡಿಸಿದರೆ ಒಂದು ವರ್ಷವೇ ಆಗುತ್ತದೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ದಾರಿಯುದ್ದಕ್ಕೂ ಅಂದುಕೊಂಡ ಸಂಗತಿಗಳು ಹಲವಿದ್ದವು. ನೆನಪು ಹಸಿಯಾಗಿರುವಾಗಲೇ ಅವನ್ನು ಬರೆದಿಡುತ್ತಿದ್ದೇನೆ. ನಾನು ವೈದ್ಯನಲ್ಲ, ತರಬೇತುದಾರನೂ ಅಲ್ಲ. ಹತ್ತು ವರ್ಷದ ಹುಡುಗಿಯ ತಂದೆ, ಅಷ್ಟೆ.

ಮಗಳಿಗೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇದೆಯೆಂದು ನಮಗೆ ತಡವಾಗಿ ಗೊತ್ತಾಗಲು ಕಾರಣವಿತ್ತು. ಎಡಿಎಚ್‌ಡಿ ಎಂದರೆ ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗ ಎಂಬ ಚಿತ್ರವೇ ನಮ್ಮ ತಲೆಯಲ್ಲಿತ್ತು. ನನ್ನ ಮಗಳು ಹಾರುವವಳಲ್ಲ. ಕೂತಲ್ಲೇ ಕೂತು, ಪೆನ್ಸಿಲಿನ ತುದಿ ಕಚ್ಚುತ್ತಾ, ಮೂರು ಸಾಲಿನ ಲೆಕ್ಕಕ್ಕೆ ಮುಕ್ಕಾಲು ಗಂಟೆ ತೆಗೆದುಕೊಳ್ಳುವವಳು. ನೀರಿನ ಬಾಟಲಿಯನ್ನೂ ಸ್ವೆಟರನ್ನೂ ಮಾತ್ರವಲ್ಲ, ಒಮ್ಮೆ ಒಂದು ಕಾಲಿನ ಶೂವನ್ನೂ ಶಾಲೆಯಲ್ಲಿ ಬಿಟ್ಟು ಬಂದವಳು. ಗಮನ ನಿಲ್ಲದಿರುವುದೇ ಮುಖ್ಯ ಲಕ್ಷಣವಾದ ಬಗೆಯೂ ಇದೆ, ಹೆಣ್ಣುಮಕ್ಕಳಲ್ಲಿ ಅದು ಎಷ್ಟೋ ಸಲ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ ಎಂದು ಮಕ್ಕಳ ವೈದ್ಯರು ಹೇಳಿದಾಗ, ನಾಲ್ಕು ವರ್ಷಗಳಿಂದ ನಾನು ಅವಳಿಗೆ ‘ಸೋಮಾರಿ’ ಎಂಬ ಪದವನ್ನು ಎಷ್ಟು ಸಲ ಬಳಸಿರಬಹುದು ಎಂಬ ಲೆಕ್ಕ ಮನಸ್ಸಿನಲ್ಲಿ ತಾನಾಗಿಯೇ ಶುರುವಾಯಿತು.

ಮಕ್ಕಳ ವೈದ್ಯರು ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆಗೆ ಬರೆದುಕೊಟ್ಟರು. ಸರಿಯಾಗಿ ಕೇಳಿಸದ ಮಗುವೂ ಗಮನ ಕೊಡದ ಮಗುವಿನಂತೆಯೇ ಕಾಣಬಹುದಾದ್ದರಿಂದ ಇದು ಸಹಜ ಕ್ರಮವೇ, ಆದರೆ ಈ ಎರಡು ವರದಿಗಳಿಲ್ಲದೆ ಮಕ್ಕಳ ಮನೋವೈದ್ಯರ ಬಳಿ ದಿನ ಗೊತ್ತುಮಾಡಲು ಬರುವುದಿಲ್ಲ ಎಂಬುದು ನಮಗೆ ತಿಳಿಯುವಷ್ಟರಲ್ಲಿ ಮೂರು ವಾರ ಕಳೆದಿತ್ತು. ದಿನ ಸಿಕ್ಕಿದ್ದು ಅಲ್ಲಿಂದ ಮುಂದೆ ಮೂರೂವರೆ ತಿಂಗಳಿಗೆ. ಇಂಥ ಕಡೆ ಯಾರಾದರೂ ಭೇಟಿ ರದ್ದು ಮಾಡಿದರೆ ನಮಗೆ ಕರೆ ಮಾಡಿ ಎಂದು ಹೇಳಿಡುವುದು ಒಳ್ಳೆಯದು, ನಾವು ಹೇಳಿರಲಿಲ್ಲ.

ಮನೋವೈದ್ಯರ ಮೊದಲ ಭೇಟಿ ಬಹುಪಾಲು ಪ್ರಶ್ನೆಗಳಲ್ಲೇ ಮುಗಿಯಿತು. ಅವರು ಅನುಸರಿಸುವ ಡಿಎಸ್‌ಎಂ-5 ಎಂಬ, ಮಾನಸಿಕ ತೊಂದರೆಗಳ ರೋಗನಿರ್ಣಯದ ಕೈಪಿಡಿಯಲ್ಲಿ ಗಮನದ ಕೊರತೆಗೆ 9, ಅತಿಚಟುವಟಿಕೆ ಮತ್ತು ದುಡುಕಿಗೆ 9 ಲಕ್ಷಣಗಳಿವೆ. ಮಕ್ಕಳಲ್ಲಿ ಇವೆರಡರ ಪೈಕಿ ಒಂದರಲ್ಲಾದರೂ ಕನಿಷ್ಠ 6 ಲಕ್ಷಣಗಳು 6 ತಿಂಗಳಿಗಿಂತ ಕಡಿಮೆಯಿಲ್ಲದಂತೆ ಉಳಿದಿರಬೇಕು, 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಅದೂ ಒಂದೇ ಕಡೆಯಲ್ಲ, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಂಡುಬರಬೇಕು. ಈ ‘ಎರಡು ಕಡೆ’ ಎಂಬ ಮಾತೇ ನಮ್ಮನ್ನು ಸತಾಯಿಸಿದ್ದು. ಏಕೆಂದರೆ ಶಾಲೆಯ ಪ್ರಶ್ನಾವಳಿಯನ್ನು ತುಂಬಬೇಕಾದ ಶಿಕ್ಷಕಿ ಆ ತರಗತಿಗೆ ಹೊಸಬರು. ಮಗಳನ್ನು ಬಲ್ಲದ್ದು ಒಂದು ತಿಂಗಳಿನಿಂದ. ಅವರು ಸಂಕೋಚದಿಂದ ಎಲ್ಲಕ್ಕೂ ‘ಕೆಲವೊಮ್ಮೆ’ ಎಂದು ಗುರುತು ಹಾಕಿ ಕಳಿಸಿದರು, ವೈದ್ಯರು ಅದನ್ನು ಒಪ್ಪಲಿಲ್ಲ. ಹಿಂದಿನ ವರ್ಷದ ಶಿಕ್ಷಕರನ್ನು ಹುಡುಕಿ, ಅವರಿಂದ ಮತ್ತೆ ಬರೆಸಿ ತರುವಷ್ಟರಲ್ಲಿ ಇನ್ನೂ ಐದು ವಾರ ಹೋದವು. ಆ ಫಾರಂ ಅಷ್ಟೂ ದಿನ ಯಾರದೋ ಮೇಜಿನ ಡ್ರಾಯರಿನಲ್ಲಿ ಮಲಗಿತ್ತು ಎಂದು ಆಮೇಲೆ ತಿಳಿಯಿತು. ಹಾಗಾಗಿ ನನ್ನ ಮೊದಲ ಸಲಹೆ ಇದು: ಮಗುವನ್ನು ಚೆನ್ನಾಗಿ ಬಲ್ಲ ಶಿಕ್ಷಕರು ಯಾರೆಂದು ಮೊದಲೇ ಯೋಚಿಸಿ, ಹಿಂದಿನ ವರ್ಷಗಳ ಅಂಕಪಟ್ಟಿಗಳಲ್ಲಿ ಶಿಕ್ಷಕರು ಬರೆದ ಒಂದೊಂದು ಸಾಲಿನ ಷರಾಗಳನ್ನೂ ಎರಡು ನೋಟ್‌ಪುಸ್ತಕಗಳನ್ನೂ ಒಂದು ಫೈಲಿಗೆ ಸೇರಿಸಿಕೊಂಡೇ ಹೋಗಬೇಕು. ನಮ್ಮ ವೈದ್ಯರು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಆ ನೋಟ್‌ಪುಸ್ತಕಗಳನ್ನೇ.

ರೋಗನಿರ್ಣಯವಾದ ಮೇಲೆ ಮೀಥೈಲ್‌ಫೆನಿಡೇಟ್ ಮಾತ್ರೆ ಶುರುವಾಯಿತು, ಶಾಲೆಯ ಹೊತ್ತಿಗೆ ಅದು ನೆರವೂ ಆಯಿತು. ಉಳಿದದ್ದು ಬೆಳಗಿನ ಒಂದು ಗಂಟೆ ಮತ್ತು ಸಂಜೆಯ ಮೂರು ಗಂಟೆ, ಅಂದರೆ ಮಾತ್ರೆ ಇನ್ನೂ ಕೆಲಸ ಶುರು ಮಾಡದ ಮತ್ತು ಕೆಲಸ ಮುಗಿಸಿದ ಹೊತ್ತು. ನಮ್ಮ ಮನೆಯ ಕೂಗಾಟವೆಲ್ಲ ನಡೆಯುತ್ತಿದ್ದುದು ಆ ನಾಲ್ಕು ಗಂಟೆಗಳಲ್ಲೇ. ಆಗ ವೈದ್ಯರು ಮಕ್ಕಳಿಗೂ ಪಾಲಕರಿಗೂ ಒಟ್ಟೊಟ್ಟಿಗೆ ನಡೆಯುವ ಮೈಂಡ್‌ಫುಲ್‌ನೆಸ್ ತರಬೇತಿಯೊಂದರ ಮಾತೆತ್ತಿದರು. ಅದು ಮಾತ್ರೆಯ ಬದಲಿಗೆ ಅಲ್ಲ ಎಂದು ಎರಡು ಸಲ ಹೇಳಿದರು. ನನಗೆ ಆ ಪದ ಕೇಳಿಯೇ ಅರೆಮನಸ್ಸಾಯಿತು. ಎರಡು ನಿಮಿಷ ಒಂದೆಡೆ ಗಮನ ನಿಲ್ಲಿಸಲಾಗದ ಮಗುವಿಗೆ ಧ್ಯಾನ ಮಾಡಿಸುವುದೆಂದರೆ ಕುಂಟುವವನಿಗೆ ಓಟದ ಪಂದ್ಯದ ಚೀಟಿ ಕೊಟ್ಟಂತೆ ಎಂದು ಹೆಂಡತಿಯ ಬಳಿ ಗೊಣಗಿದ್ದೆ.

ಈ ಬಗೆಯ ತರಬೇತಿಯ ಮೂಲವನ್ನು ಸ್ವಲ್ಪ ತಿಳಿದುಕೊಂಡದ್ದು ಆಮೇಲೆ ಉಪಯೋಗಕ್ಕೆ ಬಂತು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಅವರು ದೀರ್ಘಕಾಲದ ನೋವಿರುವ ರೋಗಿಗಳಿಗಾಗಿ ಆರಂಭಿಸಿದ ಕಾರ್ಯಕ್ರಮವೇ ಇದರ ತಾಯಿಬೇರು. ಅದೇ ಚೌಕಟ್ಟನ್ನು ಎಡಿಎಚ್‌ಡಿ ಇರುವ ಮಕ್ಕಳಿಗೂ ಅವರ ಪಾಲಕರಿಗೂ ಹೊಂದಿಸಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಸೂಸನ್ ಬೋಗಲ್ಸ್ ಮತ್ತು ಸಂಗಡಿಗರು ‘ಮೈಮೈಂಡ್’ ಎಂಬ ತರಬೇತಿಯನ್ನು ರೂಪಿಸಿದರು. ವಾರಕ್ಕೊಂದು ಸಲ, ತಲಾ ಒಂದೂವರೆ ಗಂಟೆ, ಒಂದು ಕೋಣೆಯಲ್ಲಿ ಮಕ್ಕಳು, ಪಕ್ಕದ ಕೋಣೆಯಲ್ಲಿ ಪಾಲಕರು. ನಾವು ಸೇರಿದ್ದು ಇದೇ ಮಾದರಿಯ ತಂಡಕ್ಕೆ.

ಸೇರುವುದೂ ಸುಲಭವಾಗಲಿಲ್ಲ. ತಂಡ ನಡೆಯಲು ಕನಿಷ್ಠ ನಾಲ್ಕು ಕುಟುಂಬಗಳು ಬೇಕಿದ್ದವು; ಮೂರೇ ಆದವು. ಆರಂಭದ ದಿನ ಆರು ವಾರ ಮುಂದಕ್ಕೆ ಹೋಯಿತು, ನಾನು ಮಂಜೂರು ಮಾಡಿಸಿಕೊಂಡಿದ್ದ ರಜೆಗಳನ್ನೆಲ್ಲ ಮತ್ತೆ ಬದಲಿಸಬೇಕಾಯಿತು. ಪ್ರವೇಶಕ್ಕೆ ಮುಂಚಿನ ಸಂದರ್ಶನದಲ್ಲಿ ಮಗಳ ಬಗ್ಗೆ ಕೇಳಿದ್ದು ಇಪ್ಪತ್ತು ನಿಮಿಷ, ನಮ್ಮಿಬ್ಬರ ಬಗ್ಗೆ ಕೇಳಿದ್ದು ನಲವತ್ತು ನಿಮಿಷ. ಸಿಟ್ಟು ಬಂದಾಗ ಏನು ಮಾಡುತ್ತೀರಿ, ನಿದ್ದೆ ಹೇಗಿದೆ, ಖಿನ್ನತೆಗೆ ಚಿಕಿತ್ಸೆ ಪಡೆದದ್ದುಂಟೇ, ಕಣ್ಣು ಮುಚ್ಚಿ ಕೂತರೆ ಹಳೆಯ ಆಘಾತದ ನೆನಪುಗಳು ನುಗ್ಗುತ್ತವೆಯೇ ಎಂಬ ಪ್ರಶ್ನೆಗಳಿದ್ದವು. ಇದು ನಮ್ಮ ವಿಚಾರಣೆ ಎಂದು ಆಗ ಮುನಿಸಿಕೊಂಡಿದ್ದೆ, ಈಗ ನೋಡಿದರೆ ಇಂಥ ಪ್ರಶ್ನೆಗಳನ್ನು ಕೇಳದೆ ಸೇರಿಸಿಕೊಳ್ಳುವ ಕಡೆಗೆ ಹೋಗಬೇಡಿ ಎಂದೇ ಹೇಳುತ್ತೇನೆ. ತರಬೇತುದಾರರು ಎಡಿಎಚ್‌ಡಿ ಇರುವ ಮಕ್ಕಳೊಡನೆ ಎಷ್ಟು ಕಾಲ ಕೆಲಸ ಮಾಡಿದ್ದಾರೆ ಎಂದು ನೀವೂ ಕೇಳಿ. ಧ್ಯಾನ ಬಲ್ಲವರೆಲ್ಲ ಐದು ಮಕ್ಕಳಿರುವ ಆ ಕೋಣೆಯನ್ನು ನಿಭಾಯಿಸಲಾರರು.

ಖರ್ಚಿನ ವಿಷಯದಲ್ಲಿ ನಾವು ಎಡವಿದ್ದು ಎರಡು ಕಡೆ. ಶುಲ್ಕವನ್ನು ಕುಟುಂಬಕ್ಕೆ ಒಂದು ಎಂದು ಭಾವಿಸಿದ್ದೆವು, ಅದು ತಲೆಗೊಂದರಂತೆ ಮಗುವಿಗೆ ಬೇರೆ, ಪಾಲಕರಿಗೆ ಬೇರೆ ಆಗಿತ್ತು. ಎರಡನೆಯದು ವಿಮೆ. ರಸೀದಿಯಲ್ಲಿ ‘ಚಿಕಿತ್ಸೆ’ ಎಂದಿಲ್ಲದೆ ‘ತರಬೇತಿ’ ಎಂದು ಬರೆದಿದ್ದುದರಿಂದ ವಿಮಾ ಸಂಸ್ಥೆ ನಮ್ಮ ಅರ್ಜಿಯನ್ನು ಹಿಂದಿರುಗಿಸಿತು. ವೈದ್ಯರ ಶಿಫಾರಸು ಪತ್ರವನ್ನು ಲಗತ್ತಿಸಿ ಮತ್ತೆ ಕಳಿಸಿದ್ದೇವೆ, ಇಂದಿಗೂ ಉತ್ತರ ಬಂದಿಲ್ಲ. ದುಡ್ಡು ಕಟ್ಟುವ ಮೊದಲೇ ರಸೀದಿಯಲ್ಲಿ ಏನೆಂದು ನಮೂದಿಸುತ್ತಾರೆ, ತಪ್ಪಿಸಿಕೊಂಡ ತರಗತಿಯ ಹಣ ಮರಳಿ ಬರುತ್ತದೆಯೇ, ಮರುಭೇಟಿ ಅದರಲ್ಲೇ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಶುಲ್ಕಕ್ಕಿಂತ ಭಾರವಾದದ್ದು ಸಮಯ. ಗಂಡ ಹೆಂಡತಿ ಸರದಿಯಲ್ಲಿ ಬರುತ್ತೇವೆ ಎಂದಾಗ, ಇಬ್ಬರೂ ಬಂದರೆ ಸಂತೋಷ, ಒಬ್ಬರೇ ಬರುವುದಾದರೆ ಎಂಟೂ ವಾರ ಅವರೇ ಬರಬೇಕು ಎಂದರು. ಹೆಂಡತಿಯದು ಪಾಳಿ ಕೆಲಸವಾದ್ದರಿಂದ ಆ ಒಬ್ಬ ನಾನಾದೆ. ಎಂಟು ಅರ್ಧ ದಿನಗಳ ರಜೆ, ಚಿಕ್ಕ ಮಗನನ್ನು ನೋಡಿಕೊಳ್ಳುವವರ ಏರ್ಪಾಡು, ಅವನ ‘ನನಗ್ಯಾಕೆ ಕ್ಲಾಸ್ ಇಲ್ಲ’ ಎಂಬ ಅಳು, ಇವೆಲ್ಲವೂ ಲೆಕ್ಕಕ್ಕೆ ಬರಬೇಕು.

ಮೊದಲ ದಿನ ಎರಡೂ ಕೋಣೆಗಳಲ್ಲಿ ತಲಾ ಒಂದೊಂದು ಒಣದ್ರಾಕ್ಷಿ ಕೊಟ್ಟರು. ಮಕ್ಕಳಿಗೆ ಹೇಳಿದ್ದು: ನೀವು ಮಂಗಳಗ್ರಹದಿಂದ ಈಗಷ್ಟೇ ಇಳಿದಿದ್ದೀರಿ, ಈ ವಸ್ತುವನ್ನು ಹಿಂದೆಂದೂ ಕಂಡಿಲ್ಲ, ಇದೇನೆಂದು ಪತ್ತೆ ಮಾಡಿ. ನಮ್ಮ ಕೋಣೆಯಲ್ಲಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ ಎಂಬ ಮಾತು ಮುಗಿಯುವಷ್ಟರಲ್ಲಿ ನಾನು ನುಂಗಿಬಿಟ್ಟಿದ್ದೆ. ಹತ್ತು ನಿಮಿಷದ ಅಭ್ಯಾಸವಿಡೀ ಖಾಲಿ ಅಂಗೈ ನೋಡುತ್ತಾ ಕೂತೆ. ಇನ್ನೊಂದು ಕೊಡಿ ಎಂದು ಕೇಳಲು ನಾಚಿಕೆ. ಹೊರಗೆ ಬಂದಾಗ ಮಗಳು ಮುಷ್ಟಿ ಬಿಚ್ಚಿ ತನ್ನದನ್ನು ತೋರಿಸಿದಳು. “ಅಪ್ಪ, ಇದನ್ನು ಕಿವಿಯ ಹತ್ತಿರ ಹಿಡಿದು ಹಿಸುಕಿದರೆ ಸದ್ದು ಮಾಡುತ್ತದೆ, ಕೇಳು” ಎಂದಳು. ಕಿವಿಯ ಬಳಿ ಹಿಡಿದಳು. ನಿಜ, ಒಣ ಎಲೆಯ ಮೇಲೆ ಯಾರೋ ಮೆಲ್ಲಗೆ ಕಾಲಿಟ್ಟಂಥ ಚರಚರ ಸದ್ದು. ಗಮನ ಇಲ್ಲದವಳು ಯಾರು ಎಂಬ ಪ್ರಶ್ನೆ ನನಗೆ ಮೊದಲು ಹುಟ್ಟಿದ್ದು ಆ ಹಜಾರದಲ್ಲಿ.

ಎರಡನೆಯ ವಾರ ಬಾಡಿ ಸ್ಕ್ಯಾನ್ ಕಲಿಸಿದರು: ಮಲಗಿಕೊಂಡು, ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಭಾಗಕ್ಕೆ ಗಮನವನ್ನು ಕೊಂಡೊಯ್ಯುವ ಅಭ್ಯಾಸ. ಇದರ ಧ್ವನಿಮುದ್ರಿಕೆಯನ್ನು ಕೊಟ್ಟು ಮನೆಯಲ್ಲಿ ದಿನವೂ ಮಾಡಿ, ಮಾಡಿದ ದಿನ ಪಟ್ಟಿಯಲ್ಲಿ ಸ್ಟಿಕರ್ ಅಂಟಿಸಿ ಎಂದರು. ಆ ವಾರ ನಮ್ಮ ಪಟ್ಟಿಯಲ್ಲಿ ಒಂದೂ ಸ್ಟಿಕರ್ ಇರಲಿಲ್ಲ. ಹೋಂವರ್ಕ್ ಮಾಡದ ಹುಡುಗನ ಮುಖ ಹೊತ್ತು ನಾನು ಹೋದರೆ, ಆರು ಪಾಲಕರಲ್ಲಿ ನಾಲ್ವರದು ಅದೇ ಕತೆಯಾಗಿತ್ತು. ತರಬೇತುದಾರರು ಬೈಯಲಿಲ್ಲ, ಹೊಸದಾಗಿ ಸಮಯ ಹುಡುಕಬೇಡಿ, ದಿನವೂ ತಪ್ಪದೆ ನಡೆಯುವ ಯಾವುದಾದರೂ ಕೆಲಸದ ಬಾಲಕ್ಕೆ ಇದನ್ನು ಕಟ್ಟಿ ಎಂದರು. ನಾವು ರಾತ್ರಿ ಹಲ್ಲುಜ್ಜುವುದಕ್ಕೆ ಕಟ್ಟಿದೆವು. ಮಗಳು ಹೊಟ್ಟೆಯ ಮೇಲೆ ಬಟ್ಟೆಯ ಆಮೆಯನ್ನಿಟ್ಟುಕೊಂಡು ಉಸಿರಿನೊಡನೆ ಅದು ಏರಿಳಿಯುವುದನ್ನು ನೋಡುತ್ತಾ ಮಲಗುತ್ತಿದ್ದಳು. ಚಿಕ್ಕವನೂ ಒಂದು ಗೊಂಬೆ ತಂದು ಪಕ್ಕದಲ್ಲಿ ಮಲಗಿದ ಮೇಲೆ ಅವನ ಅಳುವೂ ನಿಂತಿತು.

ಮೂರನೆಯ ವಾರದ ಅಡಚಣೆಯನ್ನು ನಾವು ನಿರೀಕ್ಷಿಸಿಯೇ ಇರಲಿಲ್ಲ. ತರಗತಿ ಇದ್ದದ್ದು ಸಂಜೆ ಐದೂವರೆಗೆ. ಬೆಳಗಿನ ಮಾತ್ರೆಯ ಪ್ರಭಾವ ಅಷ್ಟರಲ್ಲಿ ಇಳಿದಿರುತ್ತಿತ್ತು, ಇಳಿಯುವಾಗ ಕಿರಿಕಿರಿಯನ್ನು ಬಿಟ್ಟು ಹೋಗುತ್ತಿತ್ತು. ಅವತ್ತು ಮಗಳು ಚಾಪೆಯಿಂದೆದ್ದು ಬಾಗಿಲ ಬಳಿ ಕೂತು, ಮನೆಗೆ ಹೋಗೋಣ ಎಂದು ಒಂದೇ ಹಟ ಹಿಡಿದಳು. ಮಾತ್ರೆಯ ಹೊತ್ತನ್ನು ಬದಲಿಸಿಬಿಡೋಣ ಎಂದು ನನಗನ್ನಿಸಿತ್ತು. ವೈದ್ಯರನ್ನು ಕೇಳಿದಾಗ, ನಿದ್ದೆ ಕೆಡುತ್ತದೆ, ನೀವಾಗಿಯೇ ಹಾಗೆ ಮಾಡಬೇಡಿ ಎಂದರು. ಕೊನೆಗೆ ಸಹಾಯವಾದದ್ದು ತೀರ ಸರಳ ಉಪಾಯ: ತರಗತಿಗೆ ಮುಂಚೆ ಹೊಟ್ಟೆಗೆ ಏನಾದರೂ ಕೊಟ್ಟು, ಇಪ್ಪತ್ತು ನಿಮಿಷ ಓಡಾಡಿಸಿಕೊಂಡು ಕರೆದುಕೊಂಡು ಹೋಗುವುದು. ನಿಮಗೆ ಆಯ್ಕೆಯಿದ್ದರೆ ರಜಾದಿನದ ಬೆಳಗಿನ ತಂಡವನ್ನೇ ಕೇಳಿ.

ನಾಲ್ಕನೆಯ ವಾರ ಮಕ್ಕಳ ಕೋಣೆಯಲ್ಲಿ ಒಂದು ಆಟ ನಡೆಯಿತಂತೆ. ಒಬ್ಬರು ನಡುವೆ ಕೂತು ಉಸಿರನ್ನು ಗಮನಿಸುವುದು, ಉಳಿದವರು ಮುಟ್ಟದೆ, ಸದ್ದು ಮಾಡಿ, ಮುಖ ಸೊಟ್ಟ ಮಾಡಿ ಅವರ ಗಮನ ಕೆಡಿಸುವುದು. ನಡುವೆ ಕೂತವರು ಎಣಿಸಬೇಕಾದದ್ದು ಗಮನ ಎಷ್ಟು ಸಲ ಓಡಿತು ಎಂದಲ್ಲ, ಓಡಿದ್ದು ಗೊತ್ತಾಗಿ ಎಷ್ಟು ಸಲ ಮರಳಿತು ಎಂದು. ಮಗಳು ಹಜಾರಕ್ಕೆ ಓಡಿಬಂದು, “ಹದಿನೇಳು ಸಲ ವಾಪಸ್ ಬಂದೆ, ನನ್ನದೇ ಎಲ್ಲರಿಗಿಂತ ಜಾಸ್ತಿ!” ಎಂದು ಸಾರಿದಳು. ಲೆಕ್ಕದ ಪ್ರಕಾರ ಹದಿನೇಳು ಸಲ ಅವಳ ಗಮನ ತಪ್ಪಿತ್ತು ಎಂಬುದೂ ಅಷ್ಟೇ ನಿಜ. ಆದರೆ ಶಾಲೆಗೆ ಸೇರಿದಂದಿನಿಂದ ತಪ್ಪಿದ್ದನ್ನೇ ಎಣಿಸಿಕೊಂಡು ಬಂದ ಮಗುವಿಗೆ ಅದೇ ಹದಿನೇಳು ಗೆಲುವಿನ ಅಂಕವಾಗಿ ಕಂಡದ್ದು ಅಂದೇ ಮೊದಲು. ಕುಂಟುವವನ ಓಟದ ಪಂದ್ಯ ಎಂಬ ನನ್ನ ಗೊಣಗಾಟವನ್ನು ಆ ದಿನ ಹಿಂತೆಗೆದುಕೊಂಡೆ.

ಪಾಲಕರ ಕೋಣೆಯಲ್ಲಿ ಆಟವಿರಲಿಲ್ಲ. ಮಗುವಿನ ಮೇಲೆ ಸಿಟ್ಟು ಬಂದ ಒಂದು ಗಳಿಗೆಯನ್ನು ಕಣ್ಮುಂದೆ ತಂದುಕೊಂಡು, ಅದನ್ನು ನಿಧಾನವಾಗಿ ನಡೆಯಗೊಟ್ಟು, ಆಗ ಮೈಯಲ್ಲಿ ಎಲ್ಲಿ ಏನಾಗುತ್ತದೆ ಎಂದು ಗಮನಿಸಲು ಹೇಳಿದರು. ನಾನು ಆರಿಸಿಕೊಂಡದ್ದು ಬೆಳಗಿನ ಶೂ. ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಬಾಗಿಲ ಸಂದಿಯಲ್ಲಿ ಹೋಗುವ ಇರುವೆ ಸಾಲನ್ನು ನೋಡುತ್ತಾ ಕೂತ ಮಗಳು. ಗಡಿಯಾರ ನೋಡುತ್ತಾ ನಿಂತ ನಾನು. ನನ್ನ ದವಡೆ ಬಿಗಿದಿತ್ತು, ಎಡಗೈ ಬೆರಳುಗಳು ಮಡಚಿಕೊಂಡಿದ್ದವು, ನಾಲಿಗೆಯ ತುದಿಗೆ ಮಾತು ಬಂದು ಕಾಯುತ್ತಿತ್ತು. ಆ ಮಾತು ನನ್ನದಾಗಿರಲಿಲ್ಲ. ನಾನು ಐದನೆಯ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟರು ನನಗೆ ಹೇಳುತ್ತಿದ್ದ ಮಾತು, ಅದೇ ಧಾಟಿಯಲ್ಲಿ. ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬರು ಆಗಲೇ ಅಳುತ್ತಿದ್ದರು; ನನಗೂ ಗಂಟಲು ಕಟ್ಟಿತು.

ಅಂಥ ಗಳಿಗೆಗೆಂದು ಕಲಿಸಿದ್ದು ಮೂರು ನಿಮಿಷದ ಉಸಿರಿನ ಬಿಡುವು: ಈಗ ಒಳಗೆ ಏನಿದೆಯೆಂದು ನೋಡುವುದು, ಆಮೇಲೆ ಉಸಿರೊಂದನ್ನೇ ಹಿಡಿಯುವುದು, ಕೊನೆಗೆ ಇಡೀ ಮೈಗೆ ಗಮನವನ್ನು ಹರಡುವುದು. ಬೆಳಗಿನ ಗಡಿಬಿಡಿಯಲ್ಲಿ ಮೂರು ನಿಮಿಷ ಯಾರಿಗಿದೆ? ನಾನದನ್ನು ಮೂರು ಉಸಿರಿಗೆ ಇಳಿಸಿಕೊಂಡೆ. ಐದನೆಯ ವಾರದ ಮಂಗಳವಾರ ಮೂರು ಉಸಿರನ್ನೂ ಎಳೆದು, ಆಮೇಲೆ ಮಾಮೂಲಿಗಿಂತ ಜೋರಾಗಿಯೇ ಕೂಗಿದೆ. ಅದೇ ವಾರ ಮಗಳಿಗೆ ಜ್ವರ ಬಂದು ತರಗತಿ ತಪ್ಪಿತು. ಬದಲಿ ತರಗತಿ ಇಲ್ಲವೆಂದು ಎರಡು ಪುಟದ ಕಾಗದ ಕಳಿಸಿದರು. ತಂಡದ ಒಂದು ಕುಟುಂಬ ಅಷ್ಟರಲ್ಲಿ ಬಿಟ್ಟುಹೋಗಿತ್ತು. ನಾವೂ ಬಿಡುವುದರಲ್ಲಿದ್ದೆವು. ಅರ್ಧದಾರಿಯಲ್ಲಿ ಹೀಗಾಗುವುದು ತೀರ ಸಾಮಾನ್ಯ ಎಂದು ನನಗೆ ಯಾರೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನಮ್ಮನ್ನು ಉಳಿಸಿದ್ದು ಆರನೆಯ ವಾರ. ಜಗಳದಲ್ಲಿ ಹರಿದದ್ದನ್ನು ಹೊಲಿಯುವುದು ಹೇಗೆ ಎಂಬುದು ಆ ವಾರದ ವಿಷಯ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂದು ಕೇಳಿಯೇ ಬೆಳೆದವನು ನಾನು. ಕೂಗಿದ್ದು ಕೂಗಿಯಾಯಿತು, ಇನ್ನೇನು ಎಂಬುದೇ ನನ್ನ ರೂಢಿಯಾಗಿತ್ತು. ಅಲ್ಲಿ ಹೇಳಿಕೊಟ್ಟದ್ದು ಇಷ್ಟೇ: ಮಗುವಿನ ತಪ್ಪಿನ ಪ್ರಸ್ತಾಪವೇ ಇಲ್ಲದೆ ನಿಮ್ಮ ಪಾಲಿನದನ್ನು ಮಾತ್ರ ಒಪ್ಪಿಕೊಳ್ಳಿ. ‘ನೀನು ತಡ ಮಾಡಿದ್ದಕ್ಕೆ ಕೂಗಿದೆ, ಬೇಜಾರು ಮಾಡಿಕೊಳ್ಳಬೇಡ’ ಎಂಬುದು ಕ್ಷಮೆಯಲ್ಲ. ಆ ರಾತ್ರಿ, “ಮಂಗಳವಾರ ನಾನು ಕೂಗಿದ್ದು ತಪ್ಪು” ಎಂದಷ್ಟೇ ಹೇಳಿದೆ. ಮಗಳು ಆಮೆಯನ್ನು ಹೊಟ್ಟೆಯಿಂದ ತೆಗೆದು ಪಕ್ಕಕ್ಕಿಟ್ಟಳು. “ಯಾವ ಮಂಗಳವಾರ?” ಎಂದು ಕೇಳಿದಳು. ಅವಳು ನಿಜವಾಗಿಯೂ ಮರೆತಿದ್ದಳೋ, ಅಥವಾ ಲೆಕ್ಕ ಸಿಗದಷ್ಟು ಮಂಗಳವಾರಗಳಿದ್ದವೋ, ನಾನು ಕೇಳಲಿಲ್ಲ.

ಎಂಟನೆಯ ವಾರದ ಬಳಿಕ ಅದೇ ಪ್ರಶ್ನಾವಳಿಗಳನ್ನು ಮತ್ತೊಮ್ಮೆ ತುಂಬಿಸಿದರು. ನಾವು ಮನೆಯಲ್ಲಿ ತುಂಬಿದ್ದರಲ್ಲಿ ಲಕ್ಷಣಗಳ ಅಂಕಗಳು ಸ್ಪಷ್ಟವಾಗಿ ಇಳಿದಿದ್ದವು, ಶಾಲೆಯಿಂದ ಬಂದದ್ದರಲ್ಲಿ ಇಳಿದದ್ದು ಹೆಸರಿಗೆ ಮಾತ್ರ. ಮೊದಲಿಗೆ ನಿರಾಸೆಯಾಯಿತು. 2012ರಲ್ಲಿ ಪ್ರಕಟವಾದ, 8ರಿಂದ 12 ವರ್ಷದ 22 ಮಕ್ಕಳ ಮೇಲಿನ ಡಚ್ ಅಧ್ಯಯನದಲ್ಲೂ ಹೀಗೆಯೇ ಆಗಿತ್ತೆಂದು ತರಬೇತುದಾರರು ತೋರಿಸಿದರು: ಪಾಲಕರು ನೀಡಿದ ಅಂಕಗಳಲ್ಲಿ ಮಕ್ಕಳ ಲಕ್ಷಣಗಳು ಇಳಿದಿದ್ದವು, ಪಾಲಕರ ಒತ್ತಡ ಮತ್ತು ಅತಿಯಾಗಿ ರೇಗುವ ಸ್ವಭಾವ ತಗ್ಗಿತ್ತು, ಶಿಕ್ಷಕರ ಅಂಕಗಳಲ್ಲಿ ಮಾತ್ರ ಗಣನೀಯ ವ್ಯತ್ಯಾಸವಿರಲಿಲ್ಲ. ತರಬೇತಿ ಪಡೆದವರೇ ಅಂಕ ಕೊಡುವವರೂ ಆದಾಗ ಆ ಅಂಕವನ್ನು ಎಷ್ಟು ನಂಬಬೇಕೆಂಬ ಅನುಮಾನ ನನಗಿದೆ, ಇರಬೇಕಾದದ್ದೂ ಹೌದು. ಮಗಳ ಗಣಿತದ ಅಂಕ ಏರುತ್ತದೆಂದು ಹೋಗುವವರಿಗೆ ಈ ತರಬೇತಿಯನ್ನು ನಾನು ಹೇಳುವುದಿಲ್ಲ. ಮಾತ್ರೆಯೂ ಮುಂದುವರಿದಿದೆ, ಪರೀಕ್ಷೆಯಲ್ಲಿ ಅವಳಿಗೆ ಹೆಚ್ಚಿನ ಸಮಯ ಕೊಡಿಸುವ ಅರ್ಜಿಯೂ ಶಾಲೆಯಲ್ಲಿದೆ. ಬದಲಾದದ್ದು ಅವಳು ಮೈಮರೆಯುವುದಕ್ಕೂ ನಾನು ಕೂಗುವುದಕ್ಕೂ ನಡುವಿನ ಅಂತರ. ಕೊಟ್ಟ ದುಡ್ಡು, ಕಳೆದ ರಜೆ ಎರಡಕ್ಕೂ ನನಗೆ ದಕ್ಕಿದ್ದು ಅದು, ಸಾಲದೆಂದು ನನಗನ್ನಿಸಿಲ್ಲ.

ಇನ್ನೊಂದು ದಕ್ಕಿದೆ, ಅದನ್ನು ಕೇಳಿ ಹೋದವನಲ್ಲ. ಎಡಿಎಚ್‌ಡಿ ಕುಟುಂಬದಲ್ಲಿ ಹರಿದು ಬರುವುದು ಹೆಚ್ಚು ಎಂದು ತಿಳಿದ ಮೇಲೆ, ನುಂಗಿದ ಒಣದ್ರಾಕ್ಷಿಯ ಕತೆಯನ್ನು ವೈದ್ಯರಿಗೆ ನಗುತ್ತಾ ಹೇಳಿದ್ದೆ. ಅವರು ನಗಲಿಲ್ಲ. ವಯಸ್ಕರ ತಪಾಸಣೆಗೆ ಬರೆದುಕೊಟ್ಟರು, 12 ವರ್ಷಕ್ಕೆ ಮೊದಲೇ ಲಕ್ಷಣಗಳಿದ್ದವೆಂದು ತೋರಿಸುವ ಏನಾದರೂ ಇದ್ದರೆ ತನ್ನಿ ಎಂದರು. ತಾಯಿಯ ಪೆಟ್ಟಿಗೆಯಲ್ಲಿ ನನ್ನ ಐದನೆಯ ತರಗತಿಯ ಅಂಕಪಟ್ಟಿ ಸಿಕ್ಕಿದೆ. ಷರಾದ ಜಾಗದಲ್ಲಿ ಮೇಷ್ಟರ ಅಕ್ಷರ: ‘ಬುದ್ಧಿವಂತ. ಆದರೆ ಗಮನ ಬೇರೆಲ್ಲೋ ಇರುತ್ತದೆ.’ ನನ್ನ ಸರದಿ ಬರಲು ಇನ್ನೂ ಎರಡು ತಿಂಗಳಿದೆ. ಈ ಸಲ ಯಾರಾದರೂ ಭೇಟಿ ರದ್ದು ಮಾಡಿದರೆ ಕರೆ ಮಾಡಿ ಎಂದು ಹೇಳಿಟ್ಟಿದ್ದೇನೆ.

ಮರುಭೇಟಿಯ ಮರುದಿನ ಬೆಳಿಗ್ಗೆ ಮತ್ತೆ ಅದೇ ಬಾಗಿಲು, ಅದೇ ಒಂದು ಸಾಕ್ಸ್. ಬಸ್ಸಿಗೆ ನಾಲ್ಕು ನಿಮಿಷ ಉಳಿದಿತ್ತು. ನಾನು ಏನೂ ಹೇಳಿರಲಿಲ್ಲ. ಮಗಳು ತಲೆಯೆತ್ತಿ ನನ್ನ ಮುಖವನ್ನೇ ನೋಡಿ, “ಅಪ್ಪ, ನಿನ್ನ ದವಡೆ ಬಿಗಿಯಾಗಿದೆ” ಎಂದಳು. ಆಮೇಲೆ ಇನ್ನೊಂದು ಸಾಕ್ಸ್ ಹಾಕಿಕೊಂಡಳು. ಬಸ್ಸು ತಪ್ಪಿತು, ಇಬ್ಬರೂ ನಡೆದುಕೊಂಡೇ ಹೋದೆವು.